ಹೋಗು ಅನ್ನುವ ಕಾಗದ, ಒಲ್ಲೆ ಅನ್ನುವ ನೆಲ

ನೆಲ ಯಾರದು? ಉತ್ತವನದೋ, ಬರೆಸಿಕೊಂಡವನದೋ? ಈ ಪ್ರಶ್ನೆಯನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಬೀದಿಯಲ್ಲಿ ಕೂಗಿದ್ದೇವೆ, ಗೋಡೆಯ ಮೇಲೆ ಬರೆದಿದ್ದೇವೆ. ಕೂಗಿದ ಮೇಲೆ ಒಂದು ಕಡೆ ಕೂತು ಯೋಚನೆ ಮಾಡುವ ಕೆಲಸ ಮಾತ್ರ ಹಾಗೇ ಉಳಿದುಬಿಡುತ್ತದೆ. ಉತ್ತವನದು ಅಂದರೆ ಏನರ್ಥ? ಅವನಿಗಿಂತ ಮುಂಚೆ ಅಲ್ಲಿ ಬದುಕಿದ್ದವನನ್ನು ಏನು ಮಾಡೋದು? ಉತ್ತವನ ಮೊಮ್ಮಗನೇ ಮಾರಿಕೊಂಡರೆ? ಸರ್ಕಾರ ಬಂದು ದೇಶಕ್ಕೆ ಬೇಕು ಅಂದರೆ? ಹಕ್ಕಿಗಳಿಗೆ ಬೇಕು ಅಂದರೆ?

ಇಷ್ಟೂ ಪ್ರಶ್ನೆಗಳು ಒಂದೇ ಕಡೆ ಗಂಟು ಬಿದ್ದಿರುವ ಒಂದು ಜಾಗವಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲಂಚಿನ ಮೆಕಿಂಟಾಷ್ ಕೌಂಟಿ. ಕೌಂಟಿ ಅಂದರೆ ನಮ್ಮ ತಾಲೂಕಿನ ಹಾಗೆ ಅಂತ ಇಟ್ಟುಕೊಳ್ಳಿ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 11,000 ಜನ, ಅಷ್ಟೆ. ಮುಖ್ಯ ಊರು ಡೇರಿಯನ್.

ಅಷ್ಟು ದೂರದ ತಾಲೂಕಿನ ಗೊಡವೆ ನಮಗ್ಯಾಕೆ ಅಂತ ಯಾರಾದರೂ ಕೇಳಬಹುದು. ಆ ಜನ ನಮಗೆ ಹೊಸಬರಲ್ಲ. ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು ಅವರ ಹೋರಾಟದ ವಿವರ ಕೇಳಿದ್ದರು, ಅವರಿಂದ ಉತ್ತರವೂ ಬಂದಿತ್ತು. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರನ್ನು ತಂದದ್ದು ಅಲ್ಲಿಂದಲೇ. ಹೆಸರು ತಂದವರು ಅವರ ನೆಲದ ಕತೆಯನ್ನೂ ತಿಳಿದಿರಬೇಕು.

ಮೊದಲು ಆ ನೆಲ ಹೇಗಿದೆ ನೋಡೋಣ. ಓಕ್ಮಲ್ಗಿ, ಓಕೋನಿ ಅಂತ ಎರಡು ನದಿಗಳು ಜಾರ್ಜಿಯಾದ ಒಳನಾಡಿನಲ್ಲಿ ಕೂಡಿ ಆಲ್ಟಮಹಾ ಆಗುತ್ತವೆ. ಆ ಹೊಳೆ ಡೇರಿಯನ್ನಿನ ಹತ್ತಿರ ಬಂದು ಹಲವು ಕವಲಾಗಿ ಒಡೆದು ಅಟ್ಲಾಂಟಿಕ್ ಸೇರುತ್ತದೆ. ಕವಲುಗಳ ನಡುವೆ ಕಪ್ಪು ಮಣ್ಣಿನ ತಗ್ಗು ದ್ವೀಪಗಳು. ಅದರಾಚೆ ಮೈಲುಗಟ್ಟಲೆ ಉಪ್ಪುನೀರಿನ ಜೌಗು, ಎದೆಮಟ್ಟ ಬೆಳೆಯುವ ಹುಲ್ಲು. ಜೌಗಿನಾಚೆ ಕಡಲಿಗೆ ತಡೆಗೋಡೆಯ ಹಾಗೆ ನಿಂತ ಮರಳ ದ್ವೀಪಗಳು, ಅವುಗಳಲ್ಲಿ ದೊಡ್ಡದು ಸಪೆಲೋ. ದಿನಕ್ಕೆ ಎರಡು ಸಲ ಕಡಲು ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದ ಎತ್ತರ ಒಬ್ಬ ಆಳಿಗಿಂತ ಹೆಚ್ಚು. ಕಡಲು ಉಬ್ಬಿದಾಗ ಹೊಳೆಯ ಸಿಹಿನೀರನ್ನು ಹಿಂದಕ್ಕೆ ಒತ್ತಿ ಮೇಲಕ್ಕೆತ್ತುತ್ತದೆ. ಈ ಒಂದು ಸಂಗತಿಯ ಮೇಲೆ ಆ ಕೌಂಟಿಯ ಸಂಪತ್ತು ನಿಂತಿತ್ತು. ಆ ಕೌಂಟಿಯ ಪಾಪವೂ ಅದರ ಮೇಲೇ ನಿಂತಿತ್ತು.

ಏರಿಯ ನೀರು ಸರಿಯಾದ ಗಳಿಗೆಯಲ್ಲಿ ಗದ್ದೆಗೆ ಬರಬೇಕು, ಸರಿಯಾದ ಗಳಿಗೆಯಲ್ಲಿ ಹೊರಹೋಗಬೇಕು, ಉಪ್ಪು ಮಾತ್ರ ಒಳಗೆ ಬರಬಾರದು. ನಮ್ಮ ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ದುಡಿದವರಿಗೆ ತೂಬಿನ ಮಹಿಮೆ ಗೊತ್ತಿರುತ್ತದೆ. ಆಲ್ಟಮಹಾದಲ್ಲಿ ಸೈಪ್ರೆಸ್ ಕಾಡು ಕಡಿದವರು, ಸೊಂಟಮಟ್ಟ ಕೆಸರಿನಲ್ಲಿ ನಿಂತು ಏರಿ ಹಾಕಿದವರು, ಕಾಲುವೆ ತೋಡಿದವರು, ತೂಬು ಕೂರಿಸಿದವರು ಎಲ್ಲ ಆಫ್ರಿಕಾದಿಂದ ಹಡಗಿನಲ್ಲಿ ಸರಪಳಿ ಹಾಕಿ ತಂದ ಜನ ಮತ್ತು ಅವರ ಮಕ್ಕಳು. ಪಶ್ಚಿಮ ಆಫ್ರಿಕಾದ ಭತ್ತದ ನಾಡಿನವರು ಅವರಲ್ಲಿ ಎಷ್ಟೋ ಮಂದಿ. ಅಂದರೆ ಮೈಯ ಬೆವರು ಅವರದು, ತಲೆಯ ವಿದ್ಯೆಯೂ ಅವರದೇ. ಕಾಗದ ಮಾತ್ರ ಧಣಿಯದು.

ಇದರಲ್ಲಿ ಒಂದು ಕ್ರೂರ ತಮಾಷೆ ಇದೆ. ಡೇರಿಯನ್ ಊರು ಕಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಬಂದ ಬಡವರು. ಆಗ ಜಾರ್ಜಿಯಾದಲ್ಲಿ ಗುಲಾಮಗಿರಿಗೆ ನಿಷೇಧ ಇತ್ತು. ಸವಾನಾದ ಕೆಲವರು ನಮಗೂ ಗುಲಾಮರು ಬೇಕು ಅಂತ ಅರ್ಜಿ ಹಾಕಿದಾಗ, ಡೇರಿಯನ್ನಿನ 18 ಜನ 1739ರ ಜನವರಿಯಲ್ಲಿ ಬೇಡ ಅಂತ ಎದುರು ಅರ್ಜಿ ಹಾಕಿದರು. ಸ್ಪೇನಿನವರು ಪಕ್ಕದಲ್ಲೇ ಇದ್ದಾರೆ, ಗುಲಾಮರು ಅಲ್ಲಿಗೆ ಓಡಿಹೋಗುತ್ತಾರೆ, ಕಾವಲು ಕಾಯುವುದೇ ಕೆಲಸವಾಗುತ್ತದೆ, ಸಾಲದಲ್ಲಿ ಮುಳುಗುತ್ತೇವೆ ಅನ್ನುವ ಲೆಕ್ಕಾಚಾರದ ಮಾತೂ ಅದರಲ್ಲಿ ಇತ್ತು. ಅದರ ಜೊತೆಗೆ, ಮನುಷ್ಯರ ಒಂದು ಕುಲವನ್ನೇ ಎಂದೆಂದಿಗೂ ಗುಲಾಮರನ್ನಾಗಿ ಮಾಡುವುದು ಮನುಷ್ಯ ಸ್ವಭಾವಕ್ಕೇ ಅಸಹ್ಯ ಅನ್ನುವ ಮಾತೂ ಇತ್ತು. ಅದಕ್ಕೆ ಸಹಿ ಹಾಕಿದವರಲ್ಲಿ ಮೆಕಿಂಟಾಷ್ ಮನೆತನದ ಹಿರಿಯನೂ ಒಬ್ಬ. 1751ಕ್ಕೆ ನಿಷೇಧ ಹೋಯಿತು. ಆ ಹಿರಿಯನ ಮಗ ಲಾಕ್ಲನ್ ಮೆಕಿಂಟಾಷ್ ಗುಲಾಮರನ್ನಿಟ್ಟುಕೊಂಡು ಭತ್ತ ಬೆಳೆದು ದೊಡ್ಡ ಮನುಷ್ಯನಾದ. 1775ರಲ್ಲಿ ಸ್ವಾತಂತ್ರ್ಯ ಚಳವಳಿಯ ಹುರುಪಿನಲ್ಲಿ ಡೇರಿಯನ್ನಿನ ಮುಖಂಡರು ಗುಲಾಮಗಿರಿ ಅನ್ಯಾಯ ಅಂತ ಇನ್ನೊಂದು ಠರಾವು ಬರೆದರು, ಅದರಲ್ಲೂ ಅವನಿದ್ದ. ಬರೆದಿಟ್ಟು ಮತ್ತೆ ಗದ್ದೆಗೆ ಹೋದ, ಗುಲಾಮರನ್ನು ಮೇಯಿಸಲಿಕ್ಕೆ. 1793ರಲ್ಲಿ ಕೌಂಟಿ ಹುಟ್ಟಿದಾಗ ಆ ಮನೆತನದ ಹೆಸರನ್ನೇ ಇಟ್ಟರು.

ಹಾಗಾದರೆ ಆ ಅರ್ಜಿ ಸುಳ್ಳೇ? ಸುಳ್ಳಲ್ಲ. ಬಡವರಾಗಿದ್ದಾಗ ಅವರಿಗೆ ಸತ್ಯ ಕಾಣಿಸಿತ್ತು. ಭತ್ತದ ಚೀಲಗಳು ಕಣ್ಣಿಗೆ ಅಡ್ಡ ಬಂದ ಮೇಲೆ ಕಾಣಿಸಲಿಲ್ಲ. ಧಣಿಗಳಿಗೆ ನ್ಯಾಯ ಗೊತ್ತಿಲ್ಲ, ತಿಳಿಸಿ ಹೇಳಿದರೆ ಸರಿಹೋಗುತ್ತಾರೆ ಅಂತ ನಂಬುವವರು ಈಗಲೂ ಇದ್ದಾರೆ. ಡೇರಿಯನ್ನಿನ ಮಾತು ಬೇರೆ: ಅವರಿಗೆ ಗೊತ್ತಿತ್ತು. ಎರಡು ಸಲ ಸಹಿ ಹಾಕಿ ಹೇಳುವಷ್ಟು ಗೊತ್ತಿತ್ತು.

ಡೇರಿಯನ್ನಿನ ಎದುರಿಗೇ ಇರುವ ಬಟ್ಲರ್ ದ್ವೀಪದ ಕತೆ ಕೇಳಿ. ಅದರ ಮೊದಲ ಒಡೆಯ ಪಿಯರ್ಸ್ ಬಟ್ಲರ್, 1787ರಲ್ಲಿ ಅಮೆರಿಕದ ಸಂವಿಧಾನ ಬರೆಯಲು ಕೂತವರಲ್ಲಿ ಒಬ್ಬ. ಓಡಿಹೋದ ಗುಲಾಮ ಯಾವ ರಾಜ್ಯದಲ್ಲಿ ಸಿಕ್ಕರೂ ಒಡೆಯನಿಗೆ ಒಪ್ಪಿಸಬೇಕು ಅನ್ನುವ ಕಲಮನ್ನು ಸಂವಿಧಾನದೊಳಗೆ ತೂರಿಸಿದವನು. ನಮ್ಮ ಸಂವಿಧಾನವನ್ನು ಯಾರು ಬರೆದರು ಅನ್ನುವುದನ್ನು ಇಲ್ಲಿ ನೆನಪು ಮಾಡಿಕೊಂಡರೆ, ಬರೆಯುವ ಕೈ ಯಾರದು ಅನ್ನುವುದು ಎಷ್ಟು ದೊಡ್ಡ ಪ್ರಶ್ನೆ ಅಂತ ಗೊತ್ತಾಗುತ್ತದೆ. ಅವನ ಮೊಮ್ಮಗನ ಹೆಸರೂ ಪಿಯರ್ಸ್ ಬಟ್ಲರ್. ಇವನ ಹೆಂಡತಿ ಫ್ಯಾನಿ ಕೆಂಬಲ್ ಇಂಗ್ಲೆಂಡಿನ ಹೆಸರಾದ ನಟಿ. 1838-39ರ ಚಳಿಗಾಲದಲ್ಲಿ ಆಕೆ ಅಲ್ಲಿ ಉಳಿದು, ಹೆತ್ತ ಮೂರೇ ವಾರಕ್ಕೆ ಗದ್ದೆಗೆ ಇಳಿಯುವ ಹೆಂಗಸರ ಗೋಳು ಕಂಡು ಬರೆದಿಟ್ಟಳು. ಆ ಬರಹ 1863ರಲ್ಲಿ ಅಚ್ಚಾಯಿತು. ಗಂಡ ಹೆಂಡಿರಿಗೆ ಅಷ್ಟು ಹೊತ್ತಿಗೆ ಬಿಡುಗಡೆ ಆಗಿತ್ತು.

ಈ ಮೊಮ್ಮಗ ಜೂಜಿನಲ್ಲಿ, ಸಾಲದಲ್ಲಿ ಹಾಳಾದ. ಸಾಲ ತೀರಿಸಲು 1859ರ ಮಾರ್ಚ್ 2 ಮತ್ತು 3ರಂದು ಸವಾನಾ ಹತ್ತಿರದ ಕುದುರೆ ಪಂದ್ಯದ ಬಯಲಿನಲ್ಲಿ ಮನುಷ್ಯರನ್ನು ಹರಾಜಿಗಿಟ್ಟ. ಬಟ್ಲರ್ ದ್ವೀಪದ ಭತ್ತದ ಗದ್ದೆಯವರು, ಪಕ್ಕದ ಕೌಂಟಿಯ ಅವನ ಹತ್ತಿ ತೋಟದವರು, ಪಟ್ಟಿಯಲ್ಲಿ ಒಟ್ಟು 436 ಜನ. ಅವರನ್ನು ಮಳೆಯಲ್ಲೇ ತಂದು, ಕುದುರೆ ಲಾಯಗಳಲ್ಲಿ ಇರಿಸಿ, ಹಲ್ಲು ನೋಡಿ, ತೋಳು ಹಿಸುಕಿ ನೋಡಿ ಕೊಂಡರು. ಬಂದ ಹಣ 3,03,850 ಡಾಲರ್. ಹರಾಜು ಮುಗಿದ ಮೇಲೆ ಒಡೆಯ ತಾನೇ ನಿಂತು ಮಾರಾಟವಾದವರಿಗೆ ತಲೆಗೊಂದು ಡಾಲರ್ ಹಂಚಿದ ಅಂತ ಆಗಿನ ಪತ್ರಿಕೆಯವನು ವರದಿ ಮಾಡಿದ್ದಾನೆ. ಆ ಎರಡು ದಿನಗಳನ್ನು ಕಪ್ಪು ಜನ ಅಳುವಿನ ಕಾಲ ಅಂತ ಕರೆಯುತ್ತಾರೆ.

ಆ ಒಂದು ಡಾಲರ್ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಅವನು ಕೆಟ್ಟವನು ಅಂದುಬಿಟ್ಟರೆ ಮುಗಿಯಲಿಲ್ಲ. ಅವನ ಮನಸ್ಸಿನಲ್ಲಿ ಅದು ಕರುಣೆ. ಹಕ್ಕು ಇಲ್ಲದ ಕಡೆ ಕರುಣೆ ಹೇಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಬ್ಬದ ದಿನ ಹಿತ್ತಲ ಬಾಗಿಲಿಗೆ ಕರೆದು ಹಳೆಯ ಸೀರೆ ಕೊಟ್ಟವರ ಮನೆಯಲ್ಲಿ ಜೀತ ಮಾಡಿದವರ ಮಕ್ಕಳು ನಾವು. ಆ ಡಾಲರಿನ ತೂಕ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆರು ವರ್ಷ ಕಳೆಯಿತು. ಯುದ್ಧ ಬಂತು, ಗುಲಾಮಗಿರಿಯ ಬೆನ್ನು ಮುರಿಯಿತು. 1865ರ ಜನವರಿ 12ರಂದು ಸವಾನಾದಲ್ಲಿ ಉತ್ತರದ ಸೇನಾಪತಿ ಶೆರ್ಮನ್ 20 ಜನ ಕಪ್ಪು ಪಾದ್ರಿಗಳನ್ನು ಕರೆದು ಮಾತಾಡಿಸಿದ. ಅವರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜಿಯರ್, 67 ವರ್ಷದ ಮುದುಕರು. ಗುಲಾಮಗಿರಿ ಅಂದರೆ ಏನು ಅಂತ ಕೇಳಿದ್ದಕ್ಕೆ, ಒಬ್ಬನ ಒಪ್ಪಿಗೆ ಇಲ್ಲದೆ ಬಲದಿಂದ ಅವನ ದುಡಿಮೆ ಕಿತ್ತುಕೊಳ್ಳುವುದು ಅಂದರು. ನಿಮ್ಮನ್ನು ನೀವು ಹೇಗೆ ಸಾಕಿಕೊಳ್ಳುತ್ತೀರಿ ಅಂದದ್ದಕ್ಕೆ, ನಮಗೆ ನೆಲ ಬೇಕು, ಅದನ್ನು ನಾವೇ ಉಳುತ್ತೇವೆ ಅಂದರು. 'ಒಪ್ಪಿಗೆ ಇಲ್ಲದೆ' ಅನ್ನುವ ಮಾತು ಗಮನಿಸಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕು ದಿನಕ್ಕೆ, ಜನವರಿ 16ರಂದು, ಸೇನೆಯ 15ನೇ ನಂಬರಿನ ವಿಶೇಷ ಹುಕುಂ ಬಂತು. ದಕ್ಷಿಣ ಕೆರೋಲಿನಾದ ಚಾರ್ಲ್ಸ್‌ಟನ್ನಿನಿಂದ ಫ್ಲಾರಿಡಾದ ಸೇಂಟ್ ಜಾನ್ಸ್ ನದಿವರೆಗೆ ಕಡಲ ದ್ವೀಪಗಳು, ಕಡಲಿಂದ 30 ಮೈಲಿ ಒಳಗಿನ ಬಿಟ್ಟುಹೋದ ಭತ್ತದ ಗದ್ದೆಗಳು ಬಿಡುಗಡೆಯಾದ ಜನಕ್ಕೆ. ಒಂದು ಕುಟುಂಬಕ್ಕೆ 40 ಎಕರೆ ಮೀರದಂತೆ. ಮೆಕಿಂಟಾಷ್ ಕೌಂಟಿ ಆ ಪಟ್ಟಿಯ ನಡುವೆ ಬಿತ್ತು. ಕರಾವಳಿ ಉದ್ದಕ್ಕೂ ಸುಮಾರು 40,000 ಜನ ನೆಲಕ್ಕೆ ಇಳಿದರು. ಬಿತ್ತಿದರು, ಬೇಲಿ ಹಾಕಿದರು, ಶಾಲೆ ತೆರೆದರು. ಏಪ್ರಿಲಿನಲ್ಲಿ ಲಿಂಕನ್ ಕೊಲೆಯಾದ. ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ದಂಗೆಯೆದ್ದಿದ್ದ ಧಣಿಗಳಿಗೆ ಕ್ಷಮೆ ಕೊಟ್ಟ, ಕ್ಷಮೆಯ ಜೊತೆಗೆ ನೆಲವನ್ನೂ ಕೊಟ್ಟ. ವರ್ಷ ತಿರುಗುವ ಮುಂಚೆ ಹುಕುಂ ರದ್ದು. ದೇಶದ ವಿರುದ್ಧ ಬಂದೂಕು ಹಿಡಿದವನ ಹಳೇ ಕಾಗದ ಗೆದ್ದಿತು. ದೇಶದ ಕಡೆ ನಿಂತವನ ಕೈಯ ಹೊಸ ಕಾಗದ ಸೋತಿತು.

ಕಾಗದ ಅಂದರೆ ಕಾಗದವೇ, ಅದಕ್ಕೆ ಜಾತಿ ಇಲ್ಲ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಮನೆತನದಲ್ಲಿ ಮೊದಲು ಪದವಿ ಓದಿದವನಿಗೆ ಕೇರಿಯವರು ತಂದು ತೋರಿಸುವ ಮೊದಲ ವಸ್ತು ಕಾಗದ. ನೋಟೀಸು, ಪಹಣಿ, ಮಡಿಕೆ ಮಡಿಕೆಯಲ್ಲಿ ಹರಿದ ಹಕ್ಕುಪತ್ರ. 'ಓದಿ ಹೇಳಪ್ಪ, ಇದರಲ್ಲಿ ನಮ್ಮದು ಅಂತ ಇದೆಯಾ?' ಅಂತ ಕೇಳುತ್ತಾರೆ. ಇದೆ ಅಂತ ಹೇಳುತ್ತೇನೆ. ಹಾಗಾದರೆ ಅವನು ಯಾಕೆ ಉಳುತ್ತಿದ್ದಾನೆ ಅಂತ ಕೇಳುತ್ತಾರೆ. ಆ ಎರಡನೇ ಪ್ರಶ್ನೆಗೆ ಬಿ.ಎ. ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಮೆಕಿಂಟಾಷ್ ಕೌಂಟಿಯ ಚರಿತ್ರೆಯಲ್ಲಿ ಇದೆ.

ಟ್ಯೂನಿಸ್ ಕ್ಯಾಂಪ್‌ಬೆಲ್ ಅನ್ನುವ ಕಪ್ಪು ಪಾದ್ರಿ, ಉತ್ತರದ ನ್ಯೂಜೆರ್ಸಿಯಲ್ಲಿ 1812ರಲ್ಲಿ ಹುಟ್ಟಿದವರು, 1865ರಲ್ಲಿ ಈ ದ್ವೀಪಗಳ ಉಸ್ತುವಾರಿಗೆ ಬಂದರು. ಸಪೆಲೋ, ಸೇಂಟ್ ಕ್ಯಾಥರೀನ್ಸ್ ದ್ವೀಪಗಳಲ್ಲಿ ಜನರನ್ನು ನೆಲೆ ನಿಲ್ಲಿಸಿದರು. ನೆಲ ವಾಪಸು ಹೋದಾಗ ಅವರನ್ನೂ ಓಡಿಸಿದರು. ಮೆಕಿಂಟಾಷ್ ಒಳನಾಡಿಗೆ ಬಂದು ಬೆಲ್‌ವಿಲ್ ಅನ್ನುವ ತೋಟ ಹಿಡಿದು ಕಪ್ಪು ರೈತರ ಸಂಘ ಕಟ್ಟಿದರು. 1868ರಲ್ಲಿ ರಾಜ್ಯದ ಮೇಲ್ಮನೆಗೆ ಗೆದ್ದರು. ಅದೇ ಸೆಪ್ಟೆಂಬರಿನಲ್ಲಿ ಕರಿಯರು ಅನ್ನುವ ಒಂದೇ ಕಾರಣಕ್ಕೆ ಕರಿಯ ಶಾಸಕರನ್ನು ಹೊರಗೆ ಹಾಕಿದರು. ಡೇರಿಯನ್ನಿನಲ್ಲಿ ಅವರು ಕೆಳಕೋರ್ಟಿನ ನ್ಯಾಯಾಧೀಶರೂ ಆದರು. ಬಿಳಿಯನಿಗೂ ದಂಡ ಹಾಕುವ ಕರಿಯ! ಸಹಿಸಿಯಾರೇ? ಕೇಸು ಹಾಕಿ, ಅರವತ್ತು ದಾಟಿದ ಮನುಷ್ಯನನ್ನು 1876ರಲ್ಲಿ ಕೈದಿ ಕೂಲಿಯಾಗಿ ಒಬ್ಬ ಧಣಿಯ ತೋಟಕ್ಕೆ ಬಾಡಿಗೆಗೆ ಕೊಟ್ಟರು. ಗುಲಾಮಗಿರಿ ಹೋಗಿ ಹನ್ನೊಂದು ವರ್ಷವಾಗಿತ್ತು.

ಈಗ ಸಪೆಲೋ ದ್ವೀಪಕ್ಕೆ ಬರೋಣ. ಸೇತುವೆ ಇಲ್ಲ, ಇವತ್ತಿಗೂ ದೋಣಿಯಲ್ಲೇ ಹೋಗಬೇಕು. 1802ರಿಂದ ಥಾಮಸ್ ಸ್ಪಾಲ್ಡಿಂಗ್ ಅಲ್ಲಿ ಹತ್ತಿ, ಕಬ್ಬು ಬೆಳೆಸಿದ. ಅವನ ಗುಲಾಮರ ಮೇಸ್ತ್ರಿ ಬಿಲಾಲಿ ಅನ್ನುವ ಮುಸಲ್ಮಾನ, ಇಂದಿನ ಗಿನಿ ದೇಶದ ಫೂಟಾ ಜಲ್ಲೋನ್ ಕಡೆಯವನು. ಅವನು ಅರಬ್ಬಿ ಲಿಪಿಯಲ್ಲಿ 13 ಪುಟ ಬರೆದು ಬಿಟ್ಟುಹೋದ. ಓದಲು ಬಾರದ ಬಿಳಿಯರು ಅದನ್ನು ತೋಟದ ದಿನಚರಿ ಅಂತ ತಿಳಿದಿದ್ದರು. ಕೊನೆಗೆ ಓದಿಸಿದರೆ ಅದು ವುಜು, ನಮಾಜಿನ ವಿಧಿ ಹೇಳುವ ಧರ್ಮಶಾಸ್ತ್ರದ ಭಾಗ, ಎಳೆಯನಾಗಿದ್ದಾಗ ಕಲಿತದ್ದನ್ನು ನೆನಪಿನಿಂದ ಬರೆದದ್ದು. ಗುಲಾಮರಿಗೆ ಅಕ್ಷರ ಕಲಿಸುವುದು ಜಾರ್ಜಿಯಾದಲ್ಲಿ ಅಪರಾಧವಾಗಿದ್ದ ಕಾಲ ಅದು. ಅಕ್ಷರವಂತ ಗುಲಾಮ ಅಲ್ಲಿದ್ದ. ಆದರೆ ಅವನು ಬರೆದ ಕಾಗದ ಯಾವ ಕೋರ್ಟಿನಲ್ಲೂ ನಡೆಯುವ ಕಾಗದವಾಗಿರಲಿಲ್ಲ.

ಅವನ ವಂಶದವರು, ಅವನ ಜೊತೆಗಿದ್ದವರ ವಂಶದವರು ಯುದ್ಧದ ನಂತರ ಸಪೆಲೋದಲ್ಲೇ ನಿಂತರು. 40 ಎಕರೆಯ ಆಸೆ ಮುರಿದ ಮೇಲೆ ದುಡ್ಡು ಕೂಡಿಸಿದರು. 1871ರಲ್ಲಿ ತಾವೇ ಒಂದು ಕಂಪನಿ ಕಟ್ಟಿ ದ್ವೀಪದ ಉತ್ತರದ ರಕೂನ್ ಬ್ಲಫ್‌ನಲ್ಲಿ ಸುಮಾರು 1,000 ಎಕರೆ ಕೊಂಡರು. ಹುಕುಮಿನಿಂದ ಬಂದದ್ದಲ್ಲ, ದಾನವಲ್ಲ, ಶುದ್ಧ ಕ್ರಯ. ಯಾವ ವಕೀಲನೂ ಕೊಂಕು ತೆಗೆಯದ ಕಾಗದ. ಗುಡಿ ಕಟ್ಟಿದರು, ಶಾಲೆ ಕಟ್ಟಿದರು, ಬಲೆ ಹೆಣೆದರು, ಹುಲ್ಲಿನ ಬುಟ್ಟಿ ಹೆಣೆದರು. ಗೀಚೀ ಅನ್ನುವ ತಮ್ಮ ಮಾತು ಉಳಿಸಿಕೊಂಡರು.

1934ರಲ್ಲಿ ಸಿಗರೇಟು ಕಂಪನಿಯ ವಾರಸುದಾರ ಆರ್. ಜೆ. ರೆನಾಲ್ಡ್ಸ್ ದ್ವೀಪದ ಬಹುಭಾಗ ಕೊಂಡ. ದ್ವೀಪದಲ್ಲಿ ಕೂಲಿ ಕೊಡುವವನು ಅವನೊಬ್ಬನೇ. 1950, 60ರ ದಶಕಗಳಲ್ಲಿ ಚದುರಿದ್ದ ಹಟ್ಟಿಗಳ ಜನರನ್ನೆಲ್ಲ ಹಾಗ್ ಹ್ಯಾಮಕ್ ಅನ್ನುವ ಒಂದೇ ಮೂಲೆಗೆ ಸೇರಿಸಿದ. ಬಂದೂಕು ತೋರಿಸಲಿಲ್ಲ. ನಿನ್ನ ನೆಲ ಕೊಡು, ಅಲ್ಲಿ ನೆಲ ಕೊಡುತ್ತೇನೆ ಅಂದ, ಅಷ್ಟೆ. ಕೊಡಲಿಲ್ಲ ಅಂದರೆ ನಾಳೆಯ ಕೂಲಿ? ಸಪೆಲೋದ ಹಿರಿಯ ಹೆಣ್ಣುಮಗಳು, ಬಿಲಾಲಿಯ ವಂಶದ ಕಾರ್ನೀಲಿಯಾ ವಾಕರ್ ಬೈಲಿ (1945-2017) ಈ ಒಕ್ಕಲೆಬ್ಬಿಸುವಿಕೆಯ ನೋವನ್ನು ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ರೆನಾಲ್ಡ್ಸ್ ಸತ್ತ ಮೇಲೆ ಅವನ ಹೆಂಡತಿ 1969 ಮತ್ತು 1976ರಲ್ಲಿ ನೆಲವನ್ನು ಜಾರ್ಜಿಯಾ ಸರ್ಕಾರಕ್ಕೆ ಮಾರಿದಳು. ಈಗ ಹಾಗ್ ಹ್ಯಾಮಕ್ ಬಿಟ್ಟರೆ ಹೆಚ್ಚುಕಡಿಮೆ ದ್ವೀಪವೆಲ್ಲ ಸರ್ಕಾರದ್ದು.

ಇನ್ನು ಹ್ಯಾರಿಸ್ ನೆಕ್. ಅದು ಇದೇ ಕೌಂಟಿಯ ಈಶಾನ್ಯದ ಮೂಲೆ. 1865ರಲ್ಲಿ ಅಲ್ಲಿನ ಒಡತಿ ಮಾರ್ಗರೆಟ್ ಹ್ಯಾರಿಸ್ ತನ್ನ ತೋಟವನ್ನು ತನ್ನ ಹಳೆಯ ಗುಲಾಮ ರಾಬರ್ಟ್ ಡೆಲಿಗಲ್‌ಗೆ ಉಯಿಲು ಬರೆದಳು. ಅವನಿಂದ ಕಪ್ಪು ಸಂಸಾರಗಳ ಕೈಗೆ ಬಂದು, ಒಂದು ಊರೇ ಬೆಳೆಯಿತು. ಸಿಂಪಿ ತೆಗೆದು, ಏಡಿ ಹಿಡಿದು, ತರಕಾರಿ ಬೆಳೆದು ಬದುಕಿದರು. 1942ರಲ್ಲಿ ಕೇಂದ್ರ ಸರ್ಕಾರ ಯುದ್ಧದ ವಿಮಾನಕ್ಕೆ ರನ್‌ವೇ ಬೇಕು ಅಂತ ಸುಮಾರು 2,700 ಎಕರೆ ವಶ ಮಾಡಿಕೊಂಡಿತು. ಸುಮಾರು 75 ಸಂಸಾರ, ಕೆಲವೇ ವಾರದ ಗಡುವು, ಮನೆಗಳ ಮೇಲೆ ಬುಲ್ಡೋಜರ್. ಪರಿಹಾರ ಕರಿಯರಿಗೆ ಎಕರೆಗೆ ಸುಮಾರು 27 ಡಾಲರ್, ಬಿಳಿಯರಿಗೆ ಸುಮಾರು 37. ಯುದ್ಧ ಮುಗಿದ ಮೇಲೆ ನೆಲ ವಾಪಸು ಕೊಡುತ್ತೇವೆ ಅಂದಿದ್ದರು ಅಂತ ಹಿರಿಯರು ಹೇಳುತ್ತಾ ಬಂದರು. ಬಾಯಿಮಾತು. ಯುದ್ಧ ಮುಗಿದ ಮೇಲೆ ನೆಲ ಹೋದದ್ದು ಕೌಂಟಿಯ ದೊಡ್ಡವರ ಕೈಗೆ, ವಿಮಾನ ನಿಲ್ದಾಣ ಮಾಡುತ್ತೇವೆ ಅನ್ನುವ ಷರತ್ತಿನ ಮೇಲೆ. ಅವರು ಷರತ್ತು ಮುರಿದರು. ಕೇಂದ್ರ ವಾಪಸು ತೆಗೆದುಕೊಂಡು 1962ರಲ್ಲಿ ಪಕ್ಷಿಧಾಮ ಮಾಡಿತು. 1979ರಲ್ಲಿ ಹಳೆಯ ಊರಿನ ಜನ ಒಳಗೆ ನುಗ್ಗಿ ಡೇರೆ ಹಾಕಿದರು. ನಾಲ್ವರು ಜೈಲಿಗೆ ಹೋದರು. ಕೋರ್ಟು ಅವರ ಕಡೆ ತೀರ್ಪು ಕೊಡಲಿಲ್ಲ.

ಇಲ್ಲಿ ಒಳ್ಳೆಯ ಮನಸ್ಸಿನ ಗೆಳೆಯರೇ ಒಂದು ಆಕ್ಷೇಪ ಎತ್ತುತ್ತಾರೆ. ಆ ಧಾಮದ ಕೊಳದಲ್ಲಿ ಅಳಿಯುತ್ತಿದ್ದ ಮರಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿ ಕೋರ್ಟಿಗೆ ಹೋಗಲಾರದು, ಅದಕ್ಕೆ ಹಕ್ಕಿಲ್ಲವೇ ಅಂತ. ಇದೆ. ಅದನ್ನು ಹಗುರವಾಗಿ ನೋಡಬಾರದು. ಆದರೆ ಕೇಳಿ: ಆ ಹಕ್ಕಿಗೆ ಜಾಗ ಬಿಡಲು ಯಾರನ್ನು ಕೇಳಿದರು? ಕರಾವಳಿ ಉದ್ದಕ್ಕೂ ಗಾಲ್ಫ್ ಮೈದಾನಗಳಾದವು, ಬಂಗಲೆಗಳಾದವು. ಅಲ್ಲೆಲ್ಲ ಕೊಕ್ಕರೆಯ ನೆನಪು ಬರಲಿಲ್ಲ. ರಾಷ್ಟ್ರಕ್ಕಾಗಿ, ಪ್ರಕೃತಿಗಾಗಿ ತ್ಯಾಗ ಮಾಡಬೇಕು ಅನ್ನುವ ಮಾತು ಬಂದಾಗಲೆಲ್ಲ ಬೆರಳು ಒಂದೇ ದಿಕ್ಕಿಗೆ ತಿರುಗುತ್ತದಲ್ಲ, ಅದೇ ಅನ್ಯಾಯ. ಎಪ್ಪತ್ತೈದು ಸಂಸಾರ ಮತ್ತು ಕೊಕ್ಕರೆ ಒಂದೇ ಜೌಗಿನಲ್ಲಿ ಮುಂಚೆ ಬದುಕಿದ್ದವು. ಅವರಿಬ್ಬರ ನಡುವೆ ಜಗಳ ಇರಲಿಲ್ಲ. ಜಗಳವನ್ನು ತಂದಿಟ್ಟದ್ದು ಕಾಗದ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಸಪೆಲೋದಲ್ಲಿ 4,000 ವರ್ಷಕ್ಕೂ ಹಿಂದಿನ ಸಿಂಪಿ ಚಿಪ್ಪಿನ ಉಂಗುರದಾಕಾರದ ದಿಬ್ಬವಿದೆ. ಸ್ಪೇನಿನವರು ಬಂದಾಗ ಅಲ್ಲಿದ್ದವರು ಗ್ವಾಲೆ ಜನ. 1597ರಲ್ಲಿ ಪಾದ್ರಿಗಳ ವಿರುದ್ಧ ದಂಗೆಯೆದ್ದವರು. ರೋಗ, ದಾಳಿಗಳಿಗೆ ಸಿಕ್ಕಿ ಅವರು ಈ ದಂಡೆಯಿಂದ ಅಳಿಸಿಹೋದರು. ಬೆವರು ಸುರಿಸಿದವನದೇ ನೆಲ ಅಂದರೆ ಅವರನ್ನು ಮರೆಯಬೇಕು. ಮೊದಲು ಬಂದವನದೇ ಅಂದರೆ ಕರಿಯರಿಗೆ ಎಲ್ಲೂ ನೆಲವಿಲ್ಲ, ಯಾಕೆಂದರೆ ಅವರನ್ನು ತಂದದ್ದು ಸರಪಳಿ. ಕಾಗದ ಇದ್ದವನದು ಅಂದರೆ 1871ರ ಕಾಗದ ಯಾಕೆ ಉಳಿಯಲಿಲ್ಲ? ಹೀಗೆ ಮೂರು ಉತ್ತರಗಳೂ ಅರ್ಧ ದಾರಿಯಲ್ಲಿ ಕೈಕೊಡುತ್ತವೆ.

ನನಗೆ ತೋಚಿದ್ದು ಇದು. ನೆಲ ನನ್ನದು ಅನ್ನುವ ಮಾತಿಗೆ ಎರಡು ಅರ್ಥ ಇವೆ. ಧಣಿ ನನ್ನದು ಅಂದರೆ, ನಿನಗೆ ಹೋಗು ಅನ್ನುವ ಅಧಿಕಾರ ನನಗಿದೆ ಅಂತ. ಬಡವ ನನ್ನದು ಅಂದರೆ, ಹೋಗು ಅಂದಾಗ ಒಲ್ಲೆ ಅನ್ನುವ ಶಕ್ತಿ ನನಗಿದೆ ಅಂತ. ಕಾನೂನು ಎರಡಕ್ಕೂ ಒಂದೇ ಹೆಸರಿಟ್ಟು ಒಡೆತನ ಅಂದುಬಿಟ್ಟಿದೆ. ಆದರೆ ನೀತಿಯ ಲೆಕ್ಕದಲ್ಲಿ ಇವೆರಡೂ ಒಂದಲ್ಲ. ಹೋಗು ಅನ್ನುವ ಒಡೆತನಕ್ಕೆ ಮಿತಿಯಿಲ್ಲ, ಇಡೀ ದ್ವೀಪ ನುಂಗಿದರೂ ಅದಕ್ಕೆ ಹಸಿವು. ಒಲ್ಲೆ ಅನ್ನುವ ಒಡೆತನಕ್ಕೆ ಒಂದು ಮನೆ, ಒಂದು ಹೊಲ, ಸತ್ತವರ ಗೋರಿ ಇಷ್ಟು ಸಾಕು. ಗ್ವಾಲೆಯವರಿಂದ ಕಿತ್ತುಕೊಂಡದ್ದೂ ಈ ಒಲ್ಲೆಯನ್ನೇ. ಫ್ರೇಜಿಯರ್ ಮುದುಕರು 'ಒಪ್ಪಿಗೆ ಇಲ್ಲದೆ' ಅಂದದ್ದು ಇದನ್ನೇ. ಒಲ್ಲೆ ಅನ್ನಲಾಗದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ರೆನಾಲ್ಡ್ಸ್‌ಗೆ ನೆಲ ಬಿಟ್ಟುಕೊಟ್ಟವರು ಸಹಿ ಹಾಕಿರಬಹುದು. ಒಲ್ಲೆ ಅಂದರೆ ಒಲೆ ಹೊತ್ತದು ಅನ್ನುವ ಭಯದಲ್ಲಿ ಹಾಕಿದ ಸಹಿಯನ್ನು ಕೋರ್ಟು ಎಣಿಸಬಹುದು, ನೀತಿ ಎಣಿಸುವುದಿಲ್ಲ.

ಈ ಮಾತಿನಿಂದ ಹೆಚ್ಚು ಕಷ್ಟದ ಇನ್ನೊಂದು ಪ್ರಶ್ನೆಗೂ ಬೆಳಕು ಬೀಳುತ್ತದೆ. ಹಾಗ್ ಹ್ಯಾಮಕ್‌ನ ಹಿರಿಯರು ಉಯಿಲು ಬರೆಯಲಿಲ್ಲ. ಕೋರ್ಟಿನ ಮೇಲೆ ನಂಬಿಕೆ ಇಲ್ಲದವರು ಯಾಕೆ ಬರೆದಾರು? ಅಜ್ಜನ ನೆಲ ಪಾಲಾಗದೆ ಎಲ್ಲ ಮೊಮ್ಮಕ್ಕಳಿಗೂ ಸೇರಿತು. ಒಳ್ಳೆಯದೇ ಅಲ್ಲವಾ? ಆದರೆ ದೂರದ ಶಹರದಲ್ಲಿರುವ ಒಬ್ಬ ಮೊಮ್ಮಗ ತನ್ನ ಪಾಲು ಹೊರಗಿನವನಿಗೆ ಮಾರಿದ ಅನ್ನಿ. ಆ ಹೊರಗಿನವನು ಕೋರ್ಟಿಗೆ ಹೋಗಿ ಇಡೀ ನೆಲವನ್ನೇ ಹರಾಜು ಹಾಕಿಸಬಹುದು. ಹೀಗೆ ಅಮೆರಿಕದ ದಕ್ಷಿಣದಲ್ಲಿ ಕರಿಯರ ಎಷ್ಟೋ ನೆಲ ಹೋಗಿದೆ. ಮಾರಿದವನನ್ನು ಬೈಯುವುದು ಸುಲಭ. 1978ರಲ್ಲಿ ದ್ವೀಪದ ಶಾಲೆ ಮುಚ್ಚಿ ಮಕ್ಕಳು ದೋಣಿ ಹತ್ತುವ ಹಾಗಾಯಿತು. ಕೆಲಸವಿಲ್ಲ, ಆಸ್ಪತ್ರೆಯಿಲ್ಲ. ಬಿಟ್ಟುಹೋದವನು ಮಾರಿದ. ಒಬ್ಬನ ಮಾರುವ ಹಕ್ಕು ಎಲ್ಲರ ಒಲ್ಲೆಯನ್ನು ಕೊಲ್ಲುವಂತಿದ್ದರೆ ಯಾವುದು ದೊಡ್ಡದು? ಒಲ್ಲೆಯೇ ದೊಡ್ಡದು ಅನ್ನುತ್ತೇನೆ.

ನಮ್ಮಲ್ಲೂ ಈ ವಾದ ನಡೆದಿದೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ನೆಲವನ್ನು ಷರತ್ತು ಮೀರಿ ಪರಭಾರೆ ಮಾಡಿದರೆ ಆ ಕ್ರಯ ಊರ್ಜಿತವಲ್ಲ, ನೆಲ ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ಹಿಂದಿರುಗಬೇಕು ಅಂತ 1978ರಲ್ಲಿ ಕರ್ನಾಟಕ ಕಾನೂನು ಮಾಡಿತು. ತಡವಾಗಿ ಬಂದಿರಿ ಅಂತ ಕೋರ್ಟುಗಳು ಅರ್ಜಿಗಳನ್ನು ತಳ್ಳತೊಡಗಿದಾಗ, ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಬಂತು. ಇದು ದಲಿತನ ಮಾರುವ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ವಾದಿಸುವವರಿದ್ದಾರೆ. ಹೆಂಡತಿಯ ಕಾಯಿಲೆಗೆ, ಮಗಳ ಮದುವೆಗೆ ಮಾರುವುದು ಯಾವ ಸ್ವಾತಂತ್ರ್ಯ?

2023ರ ಸೆಪ್ಟೆಂಬರಿನಲ್ಲಿ ಮೆಕಿಂಟಾಷ್ ಕೌಂಟಿಯ ಆಡಳಿತ ಮಂಡಳಿ 3-2 ಮತದಿಂದ ಹಾಗ್ ಹ್ಯಾಮಕ್‌ನಲ್ಲಿ ಮನೆಗಳ ಅಳತೆಯ ಮಿತಿಯನ್ನು 3,000 ಚದರ ಅಡಿಗೆ ಏರಿಸಿತು. ಹಿಂದೆ ಅದು 1,400 ಇತ್ತು. ಅಡಿಯ ಲೆಕ್ಕ ನೋಡಿ ಮೋಸ ಹೋಗಬೇಡಿ. ದೊಡ್ಡ ಬಂಗಲೆ ಬಂದರೆ ನೆಲದ ಬೆಲೆ ಏರುತ್ತದೆ, ಬೆಲೆ ಏರಿದರೆ ಕಂದಾಯ ಏರುತ್ತದೆ, ಕಂದಾಯ ಕಟ್ಟಲಾಗದವನು ತಾನಾಗಿಯೇ ಹೋಗುತ್ತಾನೆ. 2012ರಲ್ಲೇ ಕಂದಾಯ ಹಲವು ಪಟ್ಟು ಏರಿದ್ದನ್ನು ಅವರು ಉಂಡಿದ್ದರು. ಈಗ ಹೋಗು ಅನ್ನಲು ಯಾರೂ ಬಾಯಿ ತೆರೆಯಬೇಕಾಗಿಲ್ಲ, ಬೆಲೆಯೇ ಅನ್ನುತ್ತದೆ. ಮರುವರ್ಷ, 2024ರ ಅಕ್ಟೋಬರ್ 19ರಂದು, ದ್ವೀಪದ ಸಂಸ್ಕೃತಿ ಹಬ್ಬ ಮುಗಿಸಿ ದೋಣಿ ಕಟ್ಟೆಗೆ ಬಂದವರ ಕಾಲಡಿಯ ಸರ್ಕಾರಿ ಓಡುಸೇತುವೆ ಕುಸಿದು ಏಳು ಜನ ಸತ್ತರು. ನೆಲದ ಮೇಲೆ ಉಳಿಯುವುದಕ್ಕೆ ಕಾಗದ ಸಾಲದು, ದಾರಿಯೂ ಬೇಕು.

ಆದರೂ ಜನ ಒಲ್ಲೆ ಅಂದರು. ಕೈಗೆ ಸಹಿ ಕೂಡಿಸಿ, ಈ ನಿಯಮ ಬೇಕೋ ಬೇಡವೋ ಅಂತ ಕೌಂಟಿಯ ಮತದಾರರನ್ನೇ ಕೇಳಿ ಅಂತ ಪಟ್ಟು ಹಿಡಿದರು. ಹಾಗೆ ಕೇಳುವ ಹಕ್ಕು ನಿಮಗಿಲ್ಲ ಅಂತ ಕೌಂಟಿ ಕೋರ್ಟಿಗೆ ಹೋಯಿತು. ಇದೆ ಅಂತ ಜಾರ್ಜಿಯಾದ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ಹೇಳಿತು. ಯಾರಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತೋ, ಯಾರ ಶಾಸಕರನ್ನು 1868ರಲ್ಲಿ ಹೊರಗೆ ದಬ್ಬಿದ್ದರೋ, ಅವರ ಮಕ್ಕಳು ಹಾಕಿದ ಸಹಿ ಅದು. ಹುಕುಮಿನ ಕಾಗದ ಅಲ್ಲ, ಉಯಿಲಿನ ಕಾಗದ ಅಲ್ಲ, ಯಾವ ಧಣಿಯ ಕರುಣೆಯೂ ಅಲ್ಲ. ತಾವೇ ಬರೆದ ಕಾಗದ.

ಕೇರಿಯವರು ಕೇಳಿದ ಎರಡನೇ ಪ್ರಶ್ನೆ ಇನ್ನೂ ಇದೆ: ಕಾಗದದಲ್ಲಿ ನಮ್ಮದು ಅಂತ ಇದ್ದರೂ ಅವನು ಯಾಕೆ ಉಳುತ್ತಿದ್ದಾನೆ? ಕಾಗದ ಒಬ್ಬೊಬ್ಬರ ಪೆಟ್ಟಿಗೆಯಲ್ಲಿದೆ, ಒಲ್ಲೆ ಮಾತ್ರ ಎಲ್ಲರೂ ಸೇರಿ ಅನ್ನಬೇಕಾದ ಮಾತು, ಅದಕ್ಕೆ. ಕಾಗದ ಬೇಡ ಅನ್ನುತ್ತಿಲ್ಲ. ಓದಲು ಕಲಿತದ್ದು ಅದಕ್ಕಾಗಿಯೇ. ಪೆಟ್ಟಿಗೆಯಿಂದ ಹೊರಗೆ ತನ್ನಿ, ಓದೋಣ, ಒಟ್ಟಿಗೆ ಓದೋಣ.